ದೂರದ ಸವಾರಿಯ ಕುದುರೆ: ರಕ್ತ ಕಲಿಸಿದ ಪಾಠದ ಚರಿತ್ರೆ

ಒಂದೇ ದಿನದಲ್ಲಿ 100 ಮೈಲಿ, ಅಂದರೆ 160 ಕಿಲೋಮೀಟರ್‌ವರೆಗೆ ಕ್ರಮಿಸುವ ಕುದುರೆ ಸವಾರಿಗೆ ಎಂಡ್ಯೂರೆನ್ಸ್ ಎಂಬ ಹೆಸರಿದೆ. ಇಂದು ಈ ಕ್ರೀಡೆಯಲ್ಲಿ ಕುದುರೆಯನ್ನು ಪಶುವೈದ್ಯರು ಹಲವು ಬಾರಿ ತಡೆದು ಪರೀಕ್ಷಿಸುತ್ತಾರೆ. ಅವರು ಒಪ್ಪದಿದ್ದರೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಈ ಕಟ್ಟುನಿಟ್ಟಿನ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಅನುಭವವಿದೆ. ದೀರ್ಘ ಶ್ರಮ ಕುದುರೆಯ ರಕ್ತವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಮನುಷ್ಯ ತಡವಾಗಿ ಅರಿತ. ಆ ಅರಿವು ಬರುವ ಮುನ್ನ ಎಷ್ಟೋ ಕುದುರೆಗಳು ಪ್ರಾಣ ತೆತ್ತವು.

1892ರ ಅಕ್ಟೋಬರ್‌ನಲ್ಲಿ ವಿಯೆನ್ನಾ ಮತ್ತು ಬರ್ಲಿನ್ ನಡುವೆ ನಡೆದ ಸವಾರಿ ಇದಕ್ಕೆ ದೊಡ್ಡ ನಿದರ್ಶನ. ಆಸ್ಟ್ರಿಯಾ-ಹಂಗೇರಿಯ ಸೇನಾಧಿಕಾರಿಗಳು ವಿಯೆನ್ನಾದಿಂದ ಬರ್ಲಿನ್‌ಗೂ, ಜರ್ಮನ್ ಅಧಿಕಾರಿಗಳು ಬರ್ಲಿನ್‌ನಿಂದ ವಿಯೆನ್ನಾಕ್ಕೂ ಹೊರಟರು. ದೂರ ಸುಮಾರು 580 ಕಿ.ಮೀ. ಎಲ್ಲರಿಗಿಂತ ಕಡಿಮೆ ಹೊತ್ತಿನಲ್ಲಿ ಮುಟ್ಟಿದವನು ಆಸ್ಟ್ರಿಯಾದ ವಿಲ್ಹೆಲ್ಮ್ ಸ್ಟಾರೆಂಬರ್ಗ್. ತೆಗೆದುಕೊಂಡದ್ದು 71 ಗಂಟೆ ಚಿಲ್ಲರೆ. ಅವನ ಕುದುರೆ ಅಥೋಸ್ ಓಟ ಮುಗಿದ ಬಳಿಕ ಸತ್ತಿತು. ಇನ್ನೂ ಅನೇಕ ಕುದುರೆಗಳು ದಾರಿಯಲ್ಲೋ ಗುರಿ ಮುಟ್ಟಿದ ಮೇಲೋ ಅಸುನೀಗಿದವು. 1902ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಿಂದ ಆಸ್ಟೆಂಡ್‌ವರೆಗೆ ನಡೆದ ಸವಾರಿಯಲ್ಲೂ ಇದೇ ದುರಂತ ಮರುಕಳಿಸಿತು. ಕಾಲು ಮುರಿಯದ, ಗಾಯವಾಗದ ಕುದುರೆ ನಿಂತಲ್ಲೇ ಏಕೆ ಕುಸಿಯುತ್ತದೆ ಎಂಬುದಕ್ಕೆ ಅಂದು ಯಾರ ಬಳಿಯೂ ಸರಿಯಾದ ಉತ್ತರವಿರಲಿಲ್ಲ.

ಅಮೆರಿಕದಲ್ಲಿ 1919ರಿಂದ ನಡೆದ ಸೇನಾ ಪರೀಕ್ಷೆಗಳು ಬೇರೆ ಹಾದಿ ಹಿಡಿದವು. 5 ದಿನಗಳಲ್ಲಿ ಸುಮಾರು 300 ಮೈಲಿ ಸಾಗಬೇಕಿದ್ದ ಈ ಸವಾರಿಗಳಲ್ಲಿ ವೇಗದ ಜೊತೆಗೆ ಕುದುರೆಯ ದೇಹಸ್ಥಿತಿಗೂ ಅಂಕಗಳಿದ್ದವು. 1955ರಲ್ಲಿ ವೆಂಡೆಲ್ ರೋಬಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳನ್ನು ದಾಟಿ ಆಬರ್ನ್ ಪಟ್ಟಣಕ್ಕೆ 24 ಗಂಟೆಯೊಳಗೆ 100 ಮೈಲಿ ಸವಾರಿ ಆರಂಭಿಸಿದ. ಟೆವಿಸ್ ಕಪ್ ಎಂದು ಹೆಸರಾದ ಇದು ಆಧುನಿಕ ಎಂಡ್ಯೂರೆನ್ಸ್‌ನ ತಾಯಿಬೇರು. ಬೆಟ್ಟದ ಏರಿಳಿತ, ಕಣಿವೆಗಳ ಬೇಗೆ ಎರಡನ್ನೂ ಸಹಿಸಬೇಕಾದ ಈ ದಾರಿಯಲ್ಲಿ ಅರಬ್ಬೀ ತಳಿಯ ಕುದುರೆಗಳೇ ಮುಂದು. ಮೊದಲ ಹತ್ತರೊಳಗೆ ಬಂದವುಗಳಲ್ಲಿ ಅತ್ಯುತ್ತಮ ಸ್ಥಿತಿಯಲ್ಲಿರುವ ಕುದುರೆಗೆ ಹ್ಯಾಗಿನ್ ಕಪ್ ಕೊಡುವ ಪದ್ಧತಿ 1964ರಲ್ಲಿ ಶುರುವಾಯಿತು.

ಇದೇ ಅವಧಿಯಲ್ಲಿ ಪ್ರಯೋಗಾಲಯಗಳಲ್ಲೂ ಉತ್ತರಗಳು ರೂಪುಗೊಳ್ಳುತ್ತಿದ್ದವು. ಗುಲ್ಮವು ರಕ್ತವನ್ನು ಕೂಡಿಟ್ಟುಕೊಂಡು ಬೇಕಾದಾಗ ಹೊರಬಿಡುವ ಅಂಗ ಎಂದು ಕೇಂಬ್ರಿಡ್ಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ 1920ರ ದಶಕದಲ್ಲಿ ತೋರಿಸಿದ. ಕುದುರೆಯಲ್ಲಿ ಈ ಶಕ್ತಿ ಅಸಾಧಾರಣ. ಅದರ ಒಟ್ಟು ಕೆಂಪು ರಕ್ತಕಣಗಳಲ್ಲಿ ಮೂರನೇ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ಗುಲ್ಮದಲ್ಲಿ ಕಾದಿರುತ್ತದೆ. ಓಟ ಶುರುವಾದೊಡನೆ ಅಡ್ರಿನಲಿನ್ ಪ್ರಭಾವದಿಂದ ಗುಲ್ಮ ಸಂಕುಚಿಸಿ ಆ ಕಣಗಳನ್ನು ರಕ್ತಕ್ಕೆ ದೂಡುತ್ತದೆ. ವಿಶ್ರಾಂತಿಯಲ್ಲಿ ರಕ್ತದ ಶೇ. 35ರಿಂದ 45ರಷ್ಟಿರುವ ಕೆಂಪುಕಣಗಳ ಪಾಲು ಪೂರ್ಣ ವೇಗದ ಓಟದಲ್ಲಿ ಶೇ. 60 ದಾಟುತ್ತದೆ. ಸ್ವೀಡನ್ನಿನ ಸುನೆ ಪರ್ಸನ್ 1967ರಲ್ಲಿ ಪ್ರಕಟಿಸಿದ ಅಧ್ಯಯನ, ಕುದುರೆಯ ರಕ್ತದ ಒಟ್ಟು ಪ್ರಮಾಣಕ್ಕೂ ಅದರ ದುಡಿಮೆಯ ಶಕ್ತಿಗೂ ಇರುವ ನಂಟನ್ನು ಸ್ಥಾಪಿಸಿತು. ಶ್ರಮಪಟ್ಟ ಕುದುರೆಯ ರಕ್ತವನ್ನು ಅಳೆಯುವ ವಿಜ್ಞಾನಕ್ಕೆ ಅದು ಅಡಿಪಾಯವಾಯಿತು.

ಆದರೆ ರೇಸ್ ಕುದುರೆಯ ರಕ್ತ ಹೇಳುವ ಕಥೆ ಬೇರೆ, ದೂರದ ಸವಾರಿಯ ಕುದುರೆಯದು ಬೇರೆ. ಒಂದೆರಡು ನಿಮಿಷದ ರೇಸಿನಲ್ಲಿ ಸ್ನಾಯುಗಳು ಆಮ್ಲಜನಕ ಸಾಲದೆ ಲ್ಯಾಕ್ಟೇಟ್ ಉಂಟುಮಾಡುತ್ತವೆ, ರಕ್ತ ಆಮ್ಲೀಯವಾಗುತ್ತದೆ. ಗಂಟೆಗಟ್ಟಲೆ ಹದವಾದ ವೇಗದಲ್ಲಿ ಸಾಗುವ ಕುದುರೆ ಕೊಬ್ಬನ್ನು ಉರಿಸಿ ಓಡುತ್ತದೆ; ಅದರ ರಕ್ತದಲ್ಲಿ ಲ್ಯಾಕ್ಟೇಟ್ ಕಡಿಮೆ, ಕೊಬ್ಬಿನಾಮ್ಲಗಳು ಹೆಚ್ಚು. ಅದಕ್ಕೆ ಮುಖ್ಯ ಅಪಾಯ ಬರುವುದು ಬೆವರಿನಿಂದ. ಬಿಸಿಲಿನಲ್ಲಿ ಓಡುವ ಕುದುರೆ ಗಂಟೆಗೆ 10 ಲೀಟರಿಗೂ ಮೀರಿ ಬೆವರಬಲ್ಲದು. ಆ ಬೆವರು ಮನುಷ್ಯನ ಬೆವರಿನಂತೆ ತೆಳುವಲ್ಲ. ಅದರಲ್ಲಿ ಸೋಡಿಯಂ ರಕ್ತದಲ್ಲಿರುವಷ್ಟೇ ಇದ್ದರೆ, ಪೊಟ್ಯಾಸಿಯಂ ಮತ್ತು ಕ್ಲೋರೈಡ್ ರಕ್ತದಲ್ಲಿರುವುದಕ್ಕಿಂತ ಹೆಚ್ಚು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಗ್ಯಾರಿ ಕಾರ್ಲ್‌ಸನ್ ಮತ್ತು ಮ್ಯಾನ್ಸ್‌ಮನ್ 1974ರಲ್ಲಿ ದೂರದ ಸವಾರಿಯ ಕುದುರೆಗಳ ರಕ್ತಪರೀಕ್ಷೆಯ ಫಲಿತಾಂಶಗಳನ್ನು ಪ್ರಕಟಿಸಿದರು. ಈ ಅಧ್ಯಯನವೂ ಇದರ ಹಿಂದೆಯೇ ಬಂದ ಸಂಶೋಧನೆಗಳೂ ಒಂದು ಸ್ಪಷ್ಟ ಚಿತ್ರ ಕೊಟ್ಟವು. ನೀರು ಕಳೆದುಕೊಂಡ ರಕ್ತ ಗಟ್ಟಿಯಾಗುತ್ತದೆ. ಕ್ಲೋರೈಡ್, ಪೊಟ್ಯಾಸಿಯಂ, ಕ್ಯಾಲ್ಸಿಯಂ ಇಳಿಯುತ್ತವೆ. ಕ್ಲೋರೈಡ್ ನಷ್ಟವಾದಷ್ಟೂ ಬೈಕಾರ್ಬನೇಟ್ ಉಳಿದು ರಕ್ತ ತುಸು ಕ್ಷಾರೀಯವಾಗುತ್ತದೆ. ರೇಸ್ ಕುದುರೆಯಲ್ಲಿ ಕಂಡದ್ದಕ್ಕೆ ಇದು ತದ್ವಿರುದ್ಧ. ಹಾಗಾಗಿ ದಣಿದು ಕುಸಿದ ಕುದುರೆಗೆ ಆಮ್ಲ ತಗ್ಗಿಸಲೆಂದು ಬೈಕಾರ್ಬನೇಟ್ ಕೊಡುವುದು ಹಾನಿಕರ. ಅದಕ್ಕೆ ಬೇಕಾದದ್ದು ನೀರು, ಉಪ್ಪು, ಪೊಟ್ಯಾಸಿಯಂ.

ಇಷ್ಟು ಬೆವರಿದ ಕುದುರೆ ನೀರಡಿಸದೆ ನಿಲ್ಲುವುದಕ್ಕೂ ಕಾರಣ ಈ ಲವಣನಷ್ಟದಲ್ಲೇ ಇದೆ. ನೀರಿನೊಡನೆ ಸೋಡಿಯಂ ಸಹ ಹೋಗುವುದರಿಂದ ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರುವುದಿಲ್ಲ, ಮಿದುಳಿಗೆ ಬಾಯಾರಿಕೆಯ ಸೂಚನೆ ತಲುಪುವುದಿಲ್ಲ. 20–30 ಕೆ.ಜಿ. ತೂಕ ಇಳಿದ ಮೇಲೂ ಕುದುರೆ ತೊಟ್ಟಿಯ ಮುಂದೆ ಕುಡಿಯದೆ ನಿಲ್ಲಬಹುದು. ಸವಾರರು ದಾರಿಯಲ್ಲಿ ಲವಣಗಳ ಪೇಸ್ಟನ್ನು ಕುದುರೆಯ ಬಾಯಿಗೆ ಹಾಕುವುದು ಈ ಕಾರಣಕ್ಕೆ. ಓಟದ ಮುನ್ನ ಹುಲ್ಲು ಹೊಟ್ಟೆ ತುಂಬ ಮೇಯಿಸುವುದಕ್ಕೂ ಅರ್ಥವಿದೆ: ನಾರಿನ ಆಹಾರ ದೊಡ್ಡ ಕರುಳಿನಲ್ಲಿ ನೀರನ್ನೂ ಲವಣವನ್ನೂ ಹಿಡಿದಿಟ್ಟು ರಕ್ತಕ್ಕೆ ನಿಧಾನವಾಗಿ ಒದಗಿಸುತ್ತದೆ.

ಲವಣಗಳ ಏರುಪೇರು ಕಣ್ಣಿಗೇ ಕಾಣುವ ಒಂದು ಸ್ಥಿತಿಯನ್ನು ಸವಾರರು 'ಥಂಪ್ಸ್' ಎನ್ನುತ್ತಾರೆ. ವಪೆಯನ್ನು ನಿಯಂತ್ರಿಸುವ ನರ ಹೃದಯದ ಪಕ್ಕದಲ್ಲೇ ಹಾದುಹೋಗುತ್ತದೆ. ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ತಗ್ಗಿದಾಗ ಆ ನರ ಅತಿಸೂಕ್ಷ್ಮವಾಗಿ, ಹೃದಯದ ಪ್ರತಿ ಬಡಿತಕ್ಕೂ ಕೆರಳುತ್ತದೆ, ವಪೆ ಅದರೊಂದಿಗೇ ಸೆಳೆದುಕೊಳ್ಳುತ್ತದೆ. ವೈದ್ಯರು ಸ್ಟೆತಸ್ಕೋಪನ್ನು ಎದೆಗಿಟ್ಟು ಮತ್ತೊಂದು ಕೈಯನ್ನು ಪಕ್ಕೆಯ ಮೇಲಿಟ್ಟರೆ ಕಿವಿಗೆ ಬಿದ್ದ ಬಡಿತವೂ ಅಂಗೈಗೆ ತಾಕಿದ ಮಿಡಿತವೂ ಒಂದೇ ಲಯದಲ್ಲಿರುತ್ತವೆ. ಅಂಥ ಕುದುರೆಯ ಓಟ ಅಲ್ಲಿಗೇ ಮುಗಿಯಿತು.

ಶ್ರಮದ ಗುರುತು ರಕ್ತದ ಬೇರೆ ಅಂಶಗಳಲ್ಲೂ ಉಳಿಯುತ್ತದೆ. ಸ್ನಾಯುಗಳು ಜಖಂಗೊಂಡರೆ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ಸಾಮಾನ್ಯ ಮಟ್ಟಕ್ಕಿಂತ ಹಲವು ಪಟ್ಟು ಏರುತ್ತದೆ. ಹಾನಿ ತೀವ್ರವಾದರೆ ಸ್ನಾಯುವಿನ ವರ್ಣದ್ರವ್ಯ ರಕ್ತಕ್ಕೆ ಸೇರಿ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡಗಳಿಗೆ ಅಪಾಯ ಒದಗುತ್ತದೆ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಹೆಚ್ಚಿ, ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್‌ಗಳು ಏರಿ ಲಿಂಫೋಸೈಟ್‌ಗಳು ಇಳಿಯುತ್ತವೆ.

ಓಟದ ದಾರಿಯಲ್ಲಿ ಪ್ರತಿ ಕುದುರೆಯ ರಕ್ತ ತೆಗೆದು ಪರೀಕ್ಷಿಸಲು ವ್ಯವಧಾನವಿರುವುದಿಲ್ಲ. ಅದಕ್ಕಾಗಿ ಸೂಜಿ ಚುಚ್ಚದೆಯೇ ರಕ್ತದ ಸ್ಥಿತಿ ತಿಳಿಯುವ ವಿಧಾನಗಳು ಬೆಳೆದವು. ವೈದ್ಯರು ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟು, ಬಿಳಿಚಿದ ಜಾಗಕ್ಕೆ ಕೆಂಪು ಎಷ್ಟು ಬೇಗ ಮರಳುತ್ತದೆ ಎಂದು ನೋಡುತ್ತಾರೆ. ಕತ್ತಿನ ಚರ್ಮ ಚಿವುಟಿ, ಅದು ಸಮತಟ್ಟಾಗುವ ಹೊತ್ತನ್ನು ಗಮನಿಸುತ್ತಾರೆ. ಕರುಳಿನ ಸದ್ದು ಆಲಿಸುತ್ತಾರೆ. ರಕ್ತ ಸ್ನಾಯುಗಳಿಗೂ ಚರ್ಮಕ್ಕೂ ಹರಿದು ಕರುಳಿಗೆ ಸಾಲದಾದಾಗ ಆ ಸದ್ದು ಅಡಗುತ್ತದೆ. ವಿಶ್ರಾಂತಿಯ ನಿಗದಿತ ಹೊತ್ತಿನೊಳಗೆ ಹೃದಯದ ಬಡಿತ ನಿಮಿಷಕ್ಕೆ 64ಕ್ಕೆ ಇಳಿಯಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಪಶುವೈದ್ಯ ಕೆರಿ ರಿಡ್ಜ್‌ವೇ ರೂಪಿಸಿದ ಪರೀಕ್ಷೆಯಲ್ಲಿ ಬಡಿತ ಎಣಿಸಿ, ಕುದುರೆಯನ್ನು ಸ್ವಲ್ಪ ದೂರ ಓಡಿಸಿ ಕರೆತಂದು, ನಿಮಿಷ ತುಂಬಿದ ಮೇಲೆ ಮತ್ತೆ ಎಣಿಸುತ್ತಾರೆ. ಎರಡನೆಯ ಸಂಖ್ಯೆ ಏರಿದ್ದರೆ ಕುದುರೆ ಒಳಗೆ ಬಳಲಿದೆ ಎಂದರ್ಥ.

ಅಮೆರಿಕದ ಎಂಡ್ಯೂರೆನ್ಸ್ ಸಂಸ್ಥೆ 1972ರಲ್ಲಿ ಹುಟ್ಟಿತು. ಅಂತಾರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವಾದ ಎಫ್‌ಇಐ 1982ರಲ್ಲಿ ಈ ಕ್ರೀಡೆಗೆ ಮಾನ್ಯತೆ ನೀಡಿತು, 1986ರಲ್ಲಿ ರೋಮ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಮುಂದೆ ಸಮತಟ್ಟಾದ ಮರಳುನಾಡಿನ ಓಟಗಳಲ್ಲಿ ವೇಗ ಬಹಳ ಏರಿ, ಹಳೆಯ ಅಪಾಯ ಹೊಸ ರೂಪದಲ್ಲಿ ಮರಳಿತು. ಕುದುರೆಗಳ ಕ್ಷೇಮ ಮತ್ತು ನಿಯಮಪಾಲನೆಯ ಪ್ರಶ್ನೆ ಎದ್ದು, ಎಫ್‌ಇಐ 2015ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ಒಕ್ಕೂಟವನ್ನು ಕೆಲಕಾಲ ಅಮಾನತಿನಲ್ಲಿಟ್ಟಿತು. ಓಟದ ಬಳಿಕ ಕುದುರೆಗೆ ಕಡ್ಡಾಯ ವಿಶ್ರಾಂತಿಯ ಅವಧಿಯೂ ನಿಯಮದಲ್ಲಿದೆ. ದೂರ ಹೆಚ್ಚಿದಂತೆ ಆ ಅವಧಿ ಬೆಳೆಯುತ್ತದೆ, ಅನಾರೋಗ್ಯದಿಂದ ಹೊರಬಿದ್ದ ಕುದುರೆಗೆ ಇನ್ನೂ ದೀರ್ಘವಾಗುತ್ತದೆ. ಕಳೆದ ಲವಣಗಳು ತುಂಬಿ, ಸ್ನಾಯುಗಳು ಮಾಯ್ದು, ರಕ್ತ ಸಹಜ ಸ್ಥಿತಿಗೆ ಬರುವವರೆಗೆ ಕುದುರೆಯನ್ನು ಮತ್ತೆ ಓಡಿಸಬಾರದು ಎಂಬ ತಿಳಿವಳಿಕೆ ಈ ನಿಯಮದ ಬುನಾದಿ.