ಘಟಪ್ರಭೆಯ ದಂಡೆಯಲ್ಲಿ ಅಕ್ಷರ ದಾಸೋಹ

ಶರಣಧರ್ಮದಲ್ಲಿ ಕಾಯಕ ಮತ್ತು ದಾಸೋಹ ಒಂದನ್ನೊಂದು ಬಿಟ್ಟಿರಲಾರದ ತತ್ತ್ವಗಳು. ಕಾಯಕವಿಲ್ಲದ ದಾಸೋಹಕ್ಕೆ ಮೂಲದ್ರವ್ಯವಿಲ್ಲ. ದಾಸೋಹವಿಲ್ಲದ ಕಾಯಕಕ್ಕೆ ಸಾರ್ಥಕ್ಯವಿಲ್ಲ. ಈ ತತ್ತ್ವವನ್ನು ನೇಯ್ಗೆ, ಬೇಸಾಯ, ವ್ಯಾಪಾರಗಳಿಗೆ ಅನ್ವಯಿಸಿ ವಿವರಿಸುವುದು ರೂಢಿ. ಆದರೆ ಬರಹವೂ ಒಂದು ಕಾಯಕವೇ. ಅದನ್ನು ಕೈಕೊಂಡವನು ಜೀವಮಾನವಿಡೀ ಅದರಿಂದ ಬಿಡುಗಡೆ ಹೊಂದಲಾರ. ಹಾಗಿದ್ದ ಮೇಲೆ ಆ ಕಾಯಕದ ಬೆನ್ನಿಗಿರುವ ದಾಸೋಹ ಯಾವುದು? ಸಾಹಿತ್ಯ ಚರಿತ್ರೆಗಳು ಕವಿಯ ಕಾಲ, ದೇಶ, ಕೃತಿ, ಬಿರುದುಗಳನ್ನು ಸವಿಸ್ತಾರವಾಗಿ ದಾಖಲಿಸುತ್ತವೆ. ಆ ಕವಿಯನ್ನು ಓದಿಸಿದವರು ಯಾರು, ಹಸಿದಾಗ ಉಣಬಡಿಸಿದವರು ಯಾರು, ಮೊದಲ ಬರಹಕ್ಕೆ ಕಿವಿಗೊಟ್ಟವರು ಯಾರು ಎಂಬುದನ್ನು ಮಾತ್ರ ಅವು ಬಹುಮಟ್ಟಿಗೆ ಮರೆಯುತ್ತವೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಸಾಹಿತ್ಯ ಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ ಮನನೀಯವಾದ ಸಂಗತಿಗಳು ಗೋಚರಿಸುತ್ತವೆ.

ಮೊದಲು ವಚನ ಸಾಹಿತ್ಯದ ಉಳಿವನ್ನೇ ನೆನೆಯಬಹುದು. ಹನ್ನೆರಡನೆಯ ಶತಮಾನದ ಶರಣರು ನುಡಿದರು. ಕಲ್ಯಾಣದ ವಿಪ್ಲವದ ತರುವಾಯ ಆ ನುಡಿಗಳು ಚದುರಿಹೋದವು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ (೧೪೨೪-೧೪೪೬), ಲಕ್ಕಣ್ಣ ದಂಡೇಶನಂಥ ಅಧಿಕಾರಿಗಳ ಆಶ್ರಯದಲ್ಲಿ ವಿರಕ್ತರು ವಚನಗಳನ್ನು ಸಂಕಲಿಸಿ ಜೋಡಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ‘ವಚನಶಾಸ್ತ್ರ ಸಾರ’ವನ್ನು ಸಿದ್ಧಪಡಿಸಿದಾಗ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹಸ್ತಪ್ರತಿ ಹಿಂದಿರುಗಿತು. ಅದರ ಮೊದಲ ಭಾಗ ೧೯೨೩ರಲ್ಲಿ ಅಚ್ಚಾದುದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಮುಂದೆ ೧೯೨೫ರಲ್ಲಿ ಅವರು ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು; ಆ ಕಾರ್ಯಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ನುಡಿದವರು ಒಬ್ಬರು, ಜೋಡಿಸಿದವರು ಇನ್ನೊಬ್ಬರು, ಅಚ್ಚು ಮಾಡಿದವರು ಮತ್ತೊಬ್ಬರು. ಇವರಲ್ಲಿ ಒಬ್ಬರು ಕೈಬಿಟ್ಟಿದ್ದರೂ ವಚನವೆಂಬ ನಿಧಿ ಇಂದಿನ ಓದುಗನ ಕೈಗೆ ಸೇರುತ್ತಿರಲಿಲ್ಲ.

ಇನ್ನು ಪ್ರಸ್ತುತ ಸೀಮೆಗೆ ಬರೋಣ. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆ ಹುಕ್ಕೇರಿ ತಾಲೂಕನ್ನು ಹಾಯ್ದು, ಗೋಕಾಕದ ಬಳಿ ಬಂಡೆಯಿಂದ ಧುಮುಕಿ, ಮೂಡಲಗಿ ಸೀಮೆಯ ಎರೆನೆಲವನ್ನು ತಣಿಸುತ್ತ ಕೃಷ್ಣೆಯತ್ತ ಸಾಗುತ್ತದೆ. ಮೂಡಲಗಿ ಬಹುಕಾಲ ಗೋಕಾಕ ತಾಲೂಕಿನ ಅಂಗವಾಗಿದ್ದು ಈಚೆಗೆ ಪ್ರತ್ಯೇಕ ತಾಲೂಕಾಗಿದೆ. ೧೯೫೬ಕ್ಕೆ ಮುಂಚೆ ಈ ನಾಡು ಮುಂಬಯಿ ಆಡಳಿತಕ್ಕೆ ಸೇರಿತ್ತು. ಗಡಿಯಾಚೆಯ ಮರಾಠಿಯ ಪ್ರಭಾವ ಶಾಲೆ ಕಚೇರಿಗಳಲ್ಲಿ ಪ್ರಬಲವಾಗಿತ್ತು. ಅಂಥ ಕಾಲದಲ್ಲಿ ಕನ್ನಡವನ್ನು ಹಸನಾಗಿ ಉಳಿಸಿದುದು ಹಳ್ಳಿಯ ಬಾಯಿ. ಈ ಭಾಗದ ಕುಲಗೋಡದ ತಮ್ಮಣ್ಣ ‘ಶ್ರೀಕೃಷ್ಣ ಪಾರಿಜಾತ’ವನ್ನು ಆಟಕ್ಕೆ ಅಳವಡಿಸಿ ಹಳ್ಳಿಹಳ್ಳಿಗೆ ಮುಟ್ಟಿಸಿದ. ಕೌಜಲಗಿಯ ನಿಂಗಮ್ಮ ಅದೇ ಪಾರಿಜಾತವನ್ನು ಹಾಡಿ ಕುಣಿದು ಮನೆಮಾತಾದಳು. ಶಾಲೆಯ ಮೆಟ್ಟಿಲು ಹತ್ತದ ಒಕ್ಕಲಿಗನೂ ಬೆಳತನಕ ಕೂತು ಈ ಆಟವನ್ನು ನೋಡುತ್ತಿದ್ದ. ಮೆಚ್ಚಿದ ಪದವನ್ನು ಮತ್ತೊಮ್ಮೆ ಹಾಡಿಸುವ ಆ ಸಭೆಯೇ ಈ ನಾಡಿನ ಮೊದಲ ಸಾಹಿತ್ಯ ಪೋಷಕ.

ಈ ಹಿನ್ನೆಲೆಯಲ್ಲಿ ಬೆಳೆದವರು ಬೆಟಗೇರಿ ಕೃಷ್ಣಶರ್ಮರು. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ೧೯೦೦ರಲ್ಲಿ ಜನಿಸಿದ ಅವರು ‘ಆನಂದಕಂದ’ ಎಂಬ ಕಾವ್ಯನಾಮದಿಂದ ಪ್ರಸಿದ್ಧರು. ಹಳ್ಳಿಯ ಹೆಣ್ಣುಮಕ್ಕಳ ಹಾಡಿನ ಧಾಟಿಯನ್ನೂ ಆಡುಮಾತಿನ ಸೊಗಸನ್ನೂ ಅವರು ಹೊಸಗನ್ನಡ ಕವಿತೆಗೆ ತಂದರು. ಅವರ ಪ್ರತಿಭೆಗೆ ನೀರೆರೆದುದು ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಸುತ್ತ ನೆರೆದ ಗೆಳೆಯರ ಗುಂಪು. ಅಲ್ಲಿ ಒಬ್ಬನು ಬರೆದುದನ್ನು ಎಲ್ಲರೂ ಕೇಳುತ್ತಿದ್ದರು. ಕೇಳಿದವರು ಮೆಚ್ಚುತ್ತಿದ್ದರು, ತಿದ್ದುತ್ತಿದ್ದರು. ಆಲೂರ ವೆಂಕಟರಾಯರು ೧೯೨೨ರಲ್ಲಿ ಆರಂಭಿಸಿದ ‘ಜಯ ಕರ್ನಾಟಕ’ ಪತ್ರಿಕೆಯಲ್ಲಿ ಕೃಷ್ಣಶರ್ಮರೂ ಸಂಪಾದನೆಯ ನೊಗಕ್ಕೆ ಹೆಗಲು ಕೊಟ್ಟರು. ತಾವು ಪಡೆದುದನ್ನು ಅವರು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ೧೯೩೮ರಲ್ಲಿ ‘ಜಯಂತಿ’ ಮಾಸಪತ್ರಿಕೆಯನ್ನು ಹೊರಡಿಸಿ, ಎರಡು ದಶಕಗಳಿಗೂ ಮಿಕ್ಕು ನಡೆಸಿ, ಬರೆಯುವ ಹಂಬಲವುಳ್ಳ ತರುಣರಿಗೆ ಪುಟಗಳನ್ನು ತೆರೆದಿಟ್ಟರು. ಹುಚ್ಚೂರಾಯ ಬೆಂಗೇರಿಯವರೊಡನೆ ಪುರಂದರದಾಸರ ಪದಗಳನ್ನು ಸಂಪಾದಿಸಿದರು. ಕವಿಯೇ ಪತ್ರಿಕಾಕರ್ತನಾಗಿ, ಸಂಪಾದಕನಾಗಿ, ಇತರರ ಬರಹಕ್ಕೆ ಆಶ್ರಯನಾದ ಉದಾಹರಣೆ ಇದು. ೧೯೮೨ರಲ್ಲಿ ನಿಧನರಾಗುವವರೆಗೂ ಅವರು ಕನ್ನಡದ ಕಾಯಕವನ್ನು ಬಿಡಲಿಲ್ಲ.

ಇದೇ ಗೋಕಾಕ ಸೀಮೆಯ ಮಲಾಮರಡಿಯಲ್ಲಿ ೧೯೧೯ರಲ್ಲಿ ಜನಿಸಿದ ಬಸವರಾಜ ಕಟ್ಟೀಮನಿಯವರ ದಾರಿ ಬೇರೆ. ೧೯೪೨ರ ಚಳುವಳಿ ಅವರನ್ನು ಸೆರೆಮನೆಗೆ ಒಯ್ದಿತು, ಪತ್ರಿಕೋದ್ಯಮ ಅವರಿಗೆ ಅನ್ನವನ್ನೂ ಬರಹದ ಹದವನ್ನೂ ಕೊಟ್ಟಿತು, ಅ. ನ. ಕೃಷ್ಣರಾಯರು ಮುಂದಾಳಾಗಿದ್ದ ಪ್ರಗತಿಶೀಲ ಬಳಗ ಸಹಪಥಿಕರನ್ನು ಒದಗಿಸಿತು. ೧೯೫೧ರ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ ೧೯೬೮ರಲ್ಲಿ ಸೋವಿಯತ್ ಲ್ಯಾಂಡ್ ನೆಹರು ಪ್ರಶಸ್ತಿ ದೊರೆಯಿತು. ೧೯೮೦ರಲ್ಲಿ ಬೆಳಗಾವಿಯಲ್ಲಿ ನೆರೆದ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರು. ಹುಟ್ಟುನೆಲದ ಹೆಸರನ್ನು ಅವರು ‘ಕುಂದರನಾಡಿನ ಕಂದ’ ಎಂಬ ಆತ್ಮಕಥೆಯ ಶೀರ್ಷಿಕೆಯಲ್ಲಿಯೇ ಧರಿಸಿದರು.

ಕಟ್ಟೀಮನಿಯವರ ‘ಜರತಾರಿ ಜಗದ್ಗುರು’ ಕಾದಂಬರಿ ಮಠಾಧಿಕಾರದ ಡಂಭವನ್ನು ಕಟುವಾಗಿ ಟೀಕಿಸಿದ ಕೃತಿ. ಅದರಿಂದ ನೊಂದುಕೊಂಡ ಭಕ್ತರಿರಬಹುದು. ಆದರೆ ಲಾಂಛನವನ್ನು ಹೊಟ್ಟೆಯ ಪಾಡಿಗೆ ಬಳಸುವವರನ್ನು ಶರಣರಿಗಿಂತ ನಿಷ್ಠುರವಾಗಿ ಖಂಡಿಸಿದವರು ಯಾರು? ಅಂಬಿಗರ ಚೌಡಯ್ಯನ ನುಡಿಯ ಪೆಟ್ಟನ್ನು ಬಲ್ಲವರಿಗೆ ಕಟ್ಟೀಮನಿಯವರ ಲೇಖನಿ ಹೊರಗಿನದೆಂದು ತೋರದು. ತನ್ನನ್ನು ಟೀಕಿಸುವ ಬರಹವನ್ನೂ ಓದಿಕೊಂಡು ಅರಗಿಸಿಕೊಳ್ಳುವುದು ಸಾಹಿತ್ಯ ಪೋಷಣೆಯ ಒಂದು ಅಂಗ. ಹೊಗಳಿಕೆಗೆ ಮಾತ್ರ ಸಲ್ಲುವ ಪ್ರೋತ್ಸಾಹ ದಾಸೋಹವಾಗದು, ಅದು ವ್ಯವಹಾರವಾದೀತು.

ಈ ನಾಡಿನ ಮಠಗಳು ವಹಿಸಿದ ಪೋಷಕ ಪಾತ್ರಕ್ಕೆ ಎಲ್ಲಕ್ಕೂ ಮಿಗಿಲಾದ ನಿದರ್ಶನ ಡಾ. ಚಂದ್ರಶೇಖರ ಕಂಬಾರರ ಜೀವನದಲ್ಲಿದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ, ಘಟಪ್ರಭೆಯ ತೀರದಲ್ಲಿ, ೧೯೩೭ರ ಜನವರಿ ೨ರಂದು ಅವರು ಜನಿಸಿದರು. ತಂದೆ ಬಸವಣ್ಣೆಪ್ಪ, ತಾಯಿ ಚೆನ್ನಮ್ಮ. ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ ಮೊದಲಾದ ಶರಣರ ಹೆಸರಿನಲ್ಲಿಯೇ ಅವರ ಕಾಯಕ ಸೇರಿಕೊಂಡಿರುವಂತೆ ಕಂಬಾರ ಎಂಬ ಹೆಸರಿನಲ್ಲಿಯೂ ಕುಲುಮೆಯ ಕಾಯಕ ಅಡಗಿದೆ. ಊರಿನ ಬಯಲಾಟ, ಲಾವಣಿ, ಜಾತ್ರೆ, ಆಚರಣೆಗಳು ಬಾಲ್ಯದಿಂದಲೇ ಆ ಹುಡುಗನನ್ನು ಸೆಳೆದವು. ಪ್ರಾಥಮಿಕ ಶಿಕ್ಷಣದ ತರುವಾಯ ಆತನು ಗೋಕಾಕದ ಹೈಸ್ಕೂಲು ಸೇರಿದ. ಬೀಳಗಿಯಲ್ಲಿ ಹುಟ್ಟಿದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ಶಿಕ್ಷಕವೃತ್ತಿಯಲ್ಲಿ ನೆಲೆಸಿದ್ದ ಊರು ಈ ಗೋಕಾಕ. ಮಾಸ್ತರಿಕೆ ಮಾಡುತ್ತಲೇ ಕಾದಂಬರಿಗಳನ್ನು ಬರೆಯಬಹುದು, ಅವನ್ನು ನಾಡೆಲ್ಲ ಓದಬಹುದು ಎಂಬುದಕ್ಕೆ ಆ ಊರಿನ ವಿದ್ಯಾರ್ಥಿಗಳಿಗೆ ಜೀವಂತ ನಿದರ್ಶನವೇ ಕಣ್ಣೆದುರಿಗಿತ್ತು.

ಆದರೆ ಆದರ್ಶವೊಂದರಿಂದಲೇ ಹೊಟ್ಟೆ ತುಂಬದು. ಬಡತನದ ಕಾರಣದಿಂದ ಕಂಬಾರರು ಶಾಲೆಯನ್ನು ಬಿಟ್ಟು ಊರಿಗೆ ಮರಳಬೇಕಾಯಿತು. ಅಂದಿನ ಹಳ್ಳಿಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ಶಾಲೆ ಬಿಟ್ಟ ಹುಡುಗ ಮನೆತನದ ಕಸುಬಿಗೆ ಕೈಹಚ್ಚುವನು. ಒಂದೆರಡು ವರುಷಗಳಲ್ಲಿ ಓದಿದುದು ಮರೆತುಹೋಗುವುದು. ಆತನಲ್ಲಿ ಏನಿತ್ತೆಂಬುದು ಯಾರಿಗೂ ತಿಳಿಯದೆ ಹೋಗುವುದು. ಕಂಬಾರರ ಬಾಳೂ ಹಾಗೆಯೇ ಆಗುವುದಿತ್ತು. ಅದನ್ನು ತಪ್ಪಿಸಿದವರು ಸಾವಳಗಿ ಮಠದ ಜಗದ್ಗುರು ಸಿದ್ಧರಾಮ ಸ್ವಾಮಿಗಳು. ಅವರು ಹುಡುಗನನ್ನು ಹರಸಿ, ಆತನ ಶಾಲೆಯ ಖರ್ಚುವೆಚ್ಚವನ್ನೆಲ್ಲ ತಾವೇ ವಹಿಸಿಕೊಂಡರು. ನಿಂತುಹೋಗಿದ್ದ ಓದು ಮತ್ತೆ ಸಾಗಿತು.

ಸಾವಳಗಿಯು ಗೋಕಾಕ ತಾಲೂಕಿನ ಪುಣ್ಯಕ್ಷೇತ್ರ. ಅಲ್ಲಿಯ ಶಿವಲಿಂಗೇಶ್ವರರಿಗೂ ಕಲಬುರ್ಗಿಯ ಖಾಜಾ ಬಂದೇ ನವಾಜರಿಗೂ ಸ್ನೇಹವಿತ್ತೆಂಬ ಐತಿಹ್ಯ ಭಕ್ತರಲ್ಲಿ ಪ್ರಚಲಿತವಾಗಿದೆ. ಮತಮತಗಳ ನಡುವಿನ ಗೋಡೆಯನ್ನು ಲೆಕ್ಕಿಸದ ಇಂಥ ಪರಂಪರೆಯ ಪೀಠವು ಬಡ ಕಂಬಾರರ ಮನೆಯ ಹುಡುಗನತ್ತ ಕೈಚಾಚಿದುದು ಆ ಪರಂಪರೆಗೆ ಅನುರೂಪವೇ ಆಗಿದೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆ ಹುಡುಗ ಮುಂದೆ ಕವಿಯಾಗುವನೆಂದು ಯಾರೂ ಬಲ್ಲವರಲ್ಲ. ಆಗ ಇದ್ದುದು ಕಲಿಯುವ ಹಸಿವು ಮಾತ್ರ. ಹಣ್ಣನ್ನು ಕಂಡು ಗಿಡಕ್ಕೆ ನೀರೆರೆಯುವುದು ಎಲ್ಲರಿಗೂ ಸಾಧ್ಯ. ಇನ್ನೂ ಎರಡೆಲೆಯ ಸಸಿಗೆ ಎರೆಯುವುದೇ ದಾಸೋಹ.

ಮುಂದೆ ಕಂಬಾರರು ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಓದಿದರು. ಸಂ. ಶಿ. ಭೂಸನೂರಮಠರಂಥ ವಚನವಿದ್ವಾಂಸರು ಪಾಠ ಹೇಳಿದ ಸಂಸ್ಥೆ ಅದು. ಅದನ್ನು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ೧೯೧೬ರಲ್ಲಿ ಏಳು ಜನ ಶಿಕ್ಷಕರ ತ್ಯಾಗದಿಂದ ಉದಯಿಸಿತು. ಕಾಲೇಜು ಧರಿಸಿರುವ ಹೆಸರು ಶಿರಸಂಗಿಯ ಲಿಂಗರಾಜರದು. ೧೯೦೬ರಲ್ಲಿ ಲಿಂಗೈಕ್ಯರಾದ ಆ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಬರೆದಿಟ್ಟು ಹೋದರು. ಆ ದತ್ತಿಯಿಂದ ಓದಿ ಮುಂದೆ ಬಂದವರ ಮುಖಗಳನ್ನು ಅವರು ಕಾಣಲಿಲ್ಲ. ಕೊಟ್ಟವನಿಗೆ ಪಡೆದವನ ಮುಖದ ಪರಿಚಯವೂ ಇಲ್ಲದಿರುವುದು ದಾನದ ಪರಾಕಾಷ್ಠೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಉಚ್ಚ ಶಿಕ್ಷಣ ಪಡೆದ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ತಮ್ಮ ಸಂಶೋಧನೆಯ ವಿಷಯವಾಗಿ ಆರಿಸಿಕೊಂಡರು. ಬಾಲ್ಯದಲ್ಲಿ ಕಣ್ದಣಿಯೆ ನೋಡಿದ ಆಟವೇ ವಿದ್ವತ್ತಿನ ವಿಷಯವಾಯಿತು. ‘ಹೇಳತೇನ ಕೇಳ’ ಎಂಬ ಲಾವಣಿ ಧಾಟಿಯ ಕಾವ್ಯದಿಂದ ಈ ಸೀಮೆಯ ಆಡುನುಡಿ ನವ್ಯಕಾವ್ಯದ ನಡುವೆ ತಲೆಯೆತ್ತಿ ನಿಂತಿತು. ‘ಜೋಕುಮಾರಸ್ವಾಮಿ’, ‘ಸಿರಿಸಂಪಿಗೆ’, ‘ಮಹಾಮಾಯಿ’ ನಾಟಕಗಳೂ ‘ಕರಿಮಾಯಿ’, ‘ಸಿಂಗಾರೆವ್ವ ಮತ್ತು ಅರಮನೆ’, ‘ಶಿಖರಸೂರ್ಯ’ ಕಾದಂಬರಿಗಳೂ ‘ಚಕೋರಿ’ ಮಹಾಕಾವ್ಯವೂ ಒಂದರ ಹಿಂದೆ ಒಂದು ಬಂದವು. ಅವರ ಕೃತಿಗಳಲ್ಲಿ ಮರಳಿ ಮರಳಿ ಬರುವ ಶಿವಾಪುರವೆಂಬ ಕಲ್ಪಿತ ಗ್ರಾಮದಲ್ಲಿ ಘಟಪ್ರಭೆಯ ದಂಡೆಯ ಹಳ್ಳಿಗಳ ಮಣ್ಣಿನ ವಾಸನೆಯಿದೆ. ‘ಸಿರಿಸಂಪಿಗೆ’ಗೆ ೧೯೯೧ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ೨೦೧೦ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರ ಮೂಲಕ ಎಂಟನೆಯ ಬಾರಿಗೆ ಕನ್ನಡಕ್ಕೆ ಬಂದಿತು.

ಪಡೆದ ದಾಸೋಹ ಅಲ್ಲಿಗೇ ನಿಲ್ಲಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳಾಗಿ ಕಂಬಾರರು ಕನ್ನಡದ ಸಂಶೋಧನೆಗೆಂದೇ ಒಂದು ಪೀಠವನ್ನು ಕಟ್ಟಿ ನಿಲ್ಲಿಸಿದರು. ಹಳ್ಳಿಗಾಡಿನಿಂದ ಬಂದ ಎಷ್ಟೋ ತರುಣ ತರುಣಿಯರು ಅಲ್ಲಿ ಸಂಶೋಧಕರಾದರು. ೨೦೧೮ರಿಂದ ೨೦೨೩ರವರೆಗೆ ಅವರು ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಶಾಲೆ ಬಿಟ್ಟು ಘೋಡಗೇರಿಗೆ ಮರಳಿದ್ದ ಹುಡುಗ ಭಾರತದ ಸಕಲ ಭಾಷೆಗಳ ಲೇಖಕರಿಗೆ ಆಶ್ರಯವಾದ ಸಂಸ್ಥೆಯ ಪೀಠದಲ್ಲಿ ಕುಳಿತನು. ಇಷ್ಟೆಲ್ಲ ಆದ ಮೇಲೂ ಸಾವಳಗಿಯ ಗುರುವಿನ ಉಪಕಾರವನ್ನು ಅವರು ಕೃತಜ್ಞತೆಯಿಂದ ಸ್ಮರಿಸಿರುವುದು ಅವರ ಹಿರಿಮೆಯನ್ನು ಹೆಚ್ಚಿಸಿದೆ.

ಈ ಮೂವರು ಲೇಖಕರ ಜೀವನವನ್ನು ಒಟ್ಟಿಗೆ ಇರಿಸಿ ನೋಡಿದಾಗ ಒಂದು ತಥ್ಯ ಸ್ಪಷ್ಟವಾಗುತ್ತದೆ. ಬರೆಯುವ ಹಂಬಲ ಒಳಗಿನಿಂದ ಬರತಕ್ಕದ್ದು. ಅದನ್ನು ಗುರುವಾಗಲಿ, ಗೆಳೆಯರಾಗಲಿ, ಮಠವಾಗಲಿ ದಯಪಾಲಿಸಲಾರರು. ಆದರೆ ಆ ಹಂಬಲ ಬಾಡದಂತೆ ಕಾಯುವುದು ಇತರರ ಕೈಯಲ್ಲಿದೆ. ಕೃಷ್ಣಶರ್ಮರಿಗೆ ಅದು ಗೆಳೆಯರ ಗುಂಪಿನ ಕಿವಿಯಾಗಿ ಒದಗಿತು. ಕಟ್ಟೀಮನಿಯವರಿಗೆ ಪತ್ರಿಕೆಯಾಗಿ, ಸಹಪಥಿಕರ ಬಳಗವಾಗಿ ಒದಗಿತು. ಕಂಬಾರರಿಗೆ ಗುರುವಿನ ಅಭಯಹಸ್ತವಾಗಿ ಒದಗಿತು. ಪಡೆದವರು ಕೊಟ್ಟವರಿಗೆ ಅದನ್ನು ಹಿಂದಿರುಗಿಸಲಿಲ್ಲ. ಹಿಂದಿರುಗಿಸಲು ಸಾಧ್ಯವೂ ಇರಲಿಲ್ಲ. ಅವರು ತಮ್ಮ ನಂತರದವರಿಗೆ ಕೊಟ್ಟರು. ಜಂಗಮದ ಲಕ್ಷಣವೂ ಇದೇ ಅಲ್ಲವೇ? ನಿಂತಲ್ಲಿ ನಿಲ್ಲದೆ ಮುಂದುಮುಂದಕ್ಕೆ ಸಾಗುವುದೇ ಜಂಗಮ.

ನಾಡಿನ ಮಠಗಳಲ್ಲಿ ಅನ್ನದಾಸೋಹ ಇಂದಿಗೂ ಅವಿಚ್ಛಿನ್ನವಾಗಿ ನಡೆದಿದೆ. ಪ್ರಸಾದನಿಲಯಗಳಿವೆ, ಶಾಲೆ ಕಾಲೇಜುಗಳಿವೆ. ಆದರೆ ಕಟ್ಟಡ ಹೆಚ್ಚಿದಂತೆ ಒಬ್ಬೊಬ್ಬ ವಿದ್ಯಾರ್ಥಿಯ ಮುಖ ಕಾಣದಾಗುವ ಅಪಾಯವೂ ಉಂಟು. ಶಾಲೆ ಬಿಟ್ಟು ಹೋದ ಒಬ್ಬ ಹುಡುಗ ಯಾರು, ಏಕೆ ಬಿಟ್ಟ ಎಂದು ಕೇಳುವ ವ್ಯವಧಾನ ಸಾವಳಗಿಯ ಪೀಠಕ್ಕಿತ್ತು. ಆ ಒಂದು ಪ್ರಶ್ನೆಯ ಬೆಲೆಯನ್ನು ಕನ್ನಡ ಸಾಹಿತ್ಯದ ಚರಿತ್ರೆ ಇಂದು ಬಲ್ಲದು. ಅಂಥ ಪ್ರಶ್ನೆಯನ್ನು ಕೇಳುವವರಿಲ್ಲದೆ ಹಳ್ಳಿಗಳಲ್ಲಿಯೇ ಉಳಿದುಹೋದ ಕವಿಗಳೆಷ್ಟು ಎಂಬುದನ್ನು ಯಾವ ಚರಿತ್ರೆಯೂ ಬರೆಯಲಾರದು. ಗುರುಗಳೂ ಶಿಕ್ಷಕರೂ ಉಳ್ಳವರೂ ಈ ಮಾತನ್ನು ಮನಗಂಡು ತಮ್ಮ ಊರಿನ ಒಂದೊಂದು ಎಳೆಯ ಸಸಿಗೆ ನೀರೆರೆದರೆ ಶರಣರ ದಾಸೋಹತತ್ತ್ವ ಅಕ್ಷರಲೋಕದಲ್ಲಿಯೂ ಸಾರ್ಥಕವಾದೀತು.