ಬಾಟಲಿ ತಟ್ಟಿದೊಡನೆ ನೀರು ಮಂಜುಗಡ್ಡೆ: ಕೆಮಿಕಲ್ ಬೆರೆಸಿದ್ದಾರೆಯೇ?

ಹೇಳಿಕೆ: ಫ್ರೀಜರ್‌ನಿಂದ ತೆಗೆದ ಬಾಟಲಿ ತಟ್ಟಿದರೆ ನೀರು ಕ್ಷಣದಲ್ಲೇ ಮಂಜುಗಡ್ಡೆಯಾಗುತ್ತದೆ, ಅದರಲ್ಲಿ ಕೆಮಿಕಲ್ ಇದೆ.

ಸತ್ಯ: ಕೆಮಿಕಲ್ ಬೇಕಿಲ್ಲ. ಹುಬ್ಬಳ್ಳಿಯ ದುರ್ಗದಬೈಲ್‌ನಲ್ಲಿ ಮಿರ್ಚಿ ಭಜಿ ತಿಂದು ತಣ್ಣನೆ ನೀರು ಕೊಂಡವರಿಗೂ ಇದು ಎದುರಾಗಬಹುದು. ಶೋಧಿಸಿದ ನೀರು 0 ಡಿಗ್ರಿಗಿಂತ ಕೆಳಗಿಳಿದರೂ, ಮೊದಲ ಹರಳು ಮೂಡುವವರೆಗೆ ದ್ರವವಾಗಿಯೇ ಇರಬಲ್ಲದು. ತಟ್ಟಿದಾಗ ಹರಳು ಹುಟ್ಟಿ, ಸರಸರನೆ ಹರಡುತ್ತದೆ.

ಸೂಜಿಯಂತೆ ಹರಡುವುದೇಕೆ?
ನೀರು ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ಹರಳಿನ ಅಂಚಿನಿಂದ ತುಸು ಮುಂದೆ ಚಾಚಿದ ಮೊನೆ ಆ ಶಾಖವನ್ನು ಸುತ್ತಲಿನ ತಣ್ಣನೆ ನೀರಿಗೆ ಬೇಗ ದಾಟಿಸಿ, ಇನ್ನಷ್ಟು ಮುಂದೆ ಬೆಳೆಯುತ್ತದೆ. ಹೀಗಾಗಿ ಅಂಚು ಸಪಾಟಾಗಿ ಉಳಿಯದೆ ಕವಲೊಡೆಯುತ್ತದೆ. 1960ರ ದಶಕದಲ್ಲಿ ಮಲಿನ್ಸ್ ಮತ್ತು ಸೆಕೆರ್ಕಾ ಎಂಬ ವಿಜ್ಞಾನಿಗಳು ಇದನ್ನು ಗಣಿತದಿಂದ ವಿವರಿಸಿದರು.

ಅದೇ ಶಾಖದಿಂದ ಬಾಟಲಿಯ ನೀರು 0 ಡಿಗ್ರಿಗೆ ಏರುತ್ತದೆ. ಮೈನಸ್ 6 ಡಿಗ್ರಿಯ ನೀರಿನಲ್ಲಿ ತಕ್ಷಣ ಮಂಜಾಗುವುದು ಸುಮಾರು ಶೇ 8 ಮಾತ್ರ. ಅದಕ್ಕೇ ಅದು ಕಲ್ಲಿನಂತಾಗದೆ, ಪುಡಿಮಂಜು ಬೆರೆತ ನೀರಿನಂತಿರುತ್ತದೆ.

ತೀರ್ಮಾನ: ಇದು ಕಲಬೆರಕೆಯ ಗುರುತಲ್ಲ; ನೀರು ಶುದ್ಧವೆಂಬ ಸರ್ಟಿಫಿಕೇಟೂ ಅಲ್ಲ. ಸೀಲ್, ದಿನಾಂಕ ನೋಡಿ ಕೊಳ್ಳಿ. ಇಷ್ಟಕ್ಕೇ ಅಂಗಡಿಯವರನ್ನು ದೂರುವ ಸಂದೇಶವನ್ನು ನಾವು ಯಾರೂ ಫಾರ್ವರ್ಡ್ ಮಾಡುವುದು ಬೇಡ.