ಹಾರ್ಮೋನಿಲ್ಲದ ಗ್ರಾಹಿಯ ಕೆಲಸ: ಕೋಳಿಯ ರಕ್ತಕೋಶಗಳಲ್ಲಿ ಥೈರಾಯ್ಡ್ ಗ್ರಾಹಿ

ಹಾರ್ಮೋನು ಬರುವ ತನಕ ಅದರ ಗ್ರಾಹಿ ಸುಮ್ಮನೆ ಕಾದಿರುತ್ತದೆ ಎಂಬ ಕಲ್ಪನೆ ಪಠ್ಯಗಳಲ್ಲಿ ಬೇರೂರಿದೆ. ಥೈರಾಯ್ಡ್ ಗ್ರಾಹಿಯ ಮಟ್ಟಿಗೆ ಇದು ನಿಜವಲ್ಲ. ಅದನ್ನು ನಮಗೆ ತೋರಿಸಿಕೊಟ್ಟದ್ದು ಕೋಳಿಗಳಲ್ಲಿ ರಕ್ತದ ಕ್ಯಾನ್ಸರ್ ತರುವ ಒಂದು ವೈರಸ್ಸು.

ಏವಿಯನ್ ಎರಿತ್ರೋಬ್ಲಾಸ್ಟೋಸಿಸ್ ಎಂಬ ಈ ವೈರಸ್ಸು ಎರಡು ಜೀನ್‌ಗಳನ್ನು ಕೋಳಿಯಿಂದಲೇ ಪಡೆದುಕೊಂಡಿದೆ. ವಿ-ಎರ್ಬ್‌ಬಿ ಎಳೆಯ ರಕ್ತಕೋಶಗಳನ್ನು ಎಡೆಬಿಡದೆ ವಿಭಜಿಸುವಂತೆ ಮಾಡುತ್ತದೆ. ವಿ-ಎರ್ಬ್‌ಎ ಅವು ಬಲಿಯದಂತೆ ತಡೆಯುತ್ತದೆ. ಎರಡನೆಯದರ ಮೂಲ ಜೀನ್ ಥೈರಾಯ್ಡ್ ಹಾರ್ಮೋನಿನ ಗ್ರಾಹಿಯದ್ದೇ ಎಂದು 1986ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಕಂಡುಕೊಂಡವು.

ಮೂಲ ಗ್ರಾಹಿ ಹಾರ್ಮೋನಿಲ್ಲದಾಗಲೂ ಡಿಎನ್‌ಎಯ ತನ್ನ ನೆಲೆಗಳಲ್ಲಿ ಕೂತಿರುತ್ತದೆ. ಆಗ ಅದು ಎನ್‌ಕೋರ್, ಸ್ಮರ್ಟ್ ಎಂಬ ಪ್ರೊಟೀನುಗಳನ್ನು ಕರೆತರುತ್ತದೆ. ಅವುಗಳ ಜೊತೆ ಬರುವ ಕಿಣ್ವಗಳು ಹಿಸ್ಟೋನುಗಳ ಅಸಿಟೈಲ್ ಗುಂಪುಗಳನ್ನು ತೆಗೆದುಹಾಕಿ ಜೀನನ್ನು ಅದುಮಿಡುತ್ತವೆ. ಥೈರಾಯ್ಡ್ ಹಾರ್ಮೋನಾದ ಟಿ3 ಬಂದು ಸೇರಿದೊಡನೆ ಗ್ರಾಹಿಯ ಬಾಲದ ಕಡೆಯ ಸುರುಳಿ ಮಡಚಿಕೊಳ್ಳುತ್ತದೆ, ಅದುಮುವವರು ಬಿಟ್ಟುಹೋಗುತ್ತಾರೆ, ಜೀನನ್ನು ಎಬ್ಬಿಸುವ ಪ್ರೊಟೀನುಗಳು ಅದೇ ಜಾಗಕ್ಕೆ ಬರುತ್ತವೆ. ವಿ-ಎರ್ಬ್‌ಎಯಲ್ಲಿ ಆ ಬಾಲದ ಬಳಿ ಒಂಬತ್ತು ಅಮೈನೋ ಆಮ್ಲಗಳು ಬಿಟ್ಟುಹೋಗಿವೆ. ಬೇರೆ ಕಡೆಯೂ ಬದಲಾವಣೆಗಳಿವೆ. ಹೀಗಾಗಿ ಹಾರ್ಮೋನು ಎಷ್ಟೇ ಇದ್ದರೂ ಅದರ ಹಿಡಿತ ಸಡಿಲುವುದಿಲ್ಲ. ಕಾರ್ಬಾನಿಕ್ ಅನ್‌ಹೈಡ್ರೇಸ್-2 ಮತ್ತು ಬ್ಯಾಂಡ್-3 ಪ್ರೊಟೀನಿನ ಜೀನ್‌ಗಳು ಮುಚ್ಚಿಯೇ ಉಳಿಯುತ್ತವೆ. ಇಂಗಾಲದ ಡೈಆಕ್ಸೈಡನ್ನು ಬೈಕಾರ್ಬೊನೇಟಾಗಿ ಮಾರ್ಪಡಿಸಿ ಸಾಗಿಸಲು ಕೆಂಪುಕಣಕ್ಕೆ ಬೇಕಾದವು ಇವೇ ಎಂಬುದನ್ನು ನೆನೆದರೆ, ತಡೆ ಎಷ್ಟು ಮರ್ಮದ ಜಾಗದಲ್ಲಿ ಬಿದ್ದಿದೆ ಎಂಬುದು ತಿಳಿಯುತ್ತದೆ. ಅದುಮುವುದು ಗ್ರಾಹಿಯ ಅರ್ಧ ಕೆಲಸ. ವೈರಸ್ಸಿನಲ್ಲಿ ಉಳಿದಿರುವುದು ಆ ಅರ್ಧ ಮಾತ್ರ ಎಂದೇ ನಾನು ಓದುತ್ತೇನೆ.

ಎಳೆಯ ರಕ್ತಕೋಶಗಳಲ್ಲಿ ಕೆಲಸ ಮಾಡುವ ಇನ್ನೊಂದು ಗ್ರಾಹಿ, ಗ್ಲುಕೋಕಾರ್ಟಿಕಾಯ್ಡ್ ಗ್ರಾಹಿಯ ದಾರಿ ಬೇರೆ. ಹಾರ್ಮೋನು ಸೇರಿದ ಮೇಲೆಯೇ ಅದು ಕೋಶಕೇಂದ್ರವನ್ನು ಹೊಕ್ಕು, ಎಳೆಯ ಕೋಶಗಳು ಬಲಿಯುವುದನ್ನು ಮುಂದೂಡಿ ಅವುಗಳ ಸಂಖ್ಯೆ ಬೆಳೆಯಲು ಅವಕಾಶ ಕೊಡುತ್ತದೆ. ಈ ಗ್ರಾಹಿ ಜೋಡಿಯಾಗಿ ಡಿಎನ್‌ಎಗೆ ಅಂಟಲಾರದ ಇಲಿಗಳಲ್ಲಿ ಆಮ್ಲಜನಕದ ಕೊರತೆಯಾದಾಗ ಎಳೆಯ ರಕ್ತಕೋಶಗಳು ಬೇಕಾದಷ್ಟು ಹೆಚ್ಚಲಿಲ್ಲ ಎಂದು 1999ರಲ್ಲಿ ವರದಿಯಾಯಿತು. ಹುಟ್ಟಿನಿಂದಲೇ ರಕ್ತಹೀನತೆ ತರುವ ಡೈಮಂಡ್-ಬ್ಲ್ಯಾಕ್‌ಫ್ಯಾನ್ ಕಾಯಿಲೆಯ ಮಕ್ಕಳಿಗೆ ವೈದ್ಯರು ಇದೇ ಗ್ರಾಹಿಗೆ ಅಂಟುವ ಸ್ಟೀರಾಯ್ಡ್ ಕೊಡುತ್ತ ಬಂದದ್ದು ಅದಕ್ಕೂ ದಶಕಗಳ ಹಿಂದಿನಿಂದ.